ಬೀಡಿ ಬಿಟ್ಟ ರಾಮಲಿಂಗಪ್ಪನವರ ಸತ್ಕಾರ

ಬನಹಟ್ಟಿಯ ಉದ್ಯಾನದಲ್ಲಿ ಇನ್ನು ಮುಂದೆ ಯಾರೂ ಬೀಡಿ, ಸಿಗರೇಟು ಸೇದಕೂಡದೆಂದು ಠರಾವಾದಾಗ ಊರಿಗೆಲ್ಲ ಸಂತೋಷವಾಯಿತು, ರಾಮಲಿಂಗಪ್ಪನೊಬ್ಬನನ್ನು ಬಿಟ್ಟು.

ಪಾಪ, ಅವನಿಗಿದ್ದದ್ದೇ ಅದೊಂದು ಜಾಗ. ಊರೆಲ್ಲ ಮಗ್ಗದ ಮನೆಗಳೇ; ನೇಕಾರರು ಮನೆಯೊಳಗೆ ಕಳ್ಳನನ್ನಾದರೂ ಬಿಟ್ಟಾರು, ಕಿಡಿಯನ್ನು ಬಿಡರು. ಹನ್ನೊಂದು ವರ್ಷದ ಹಿಂದೆ ಅವನ ಬೀಡಿಯ ಕಿಡಿ ಹಾರಿ ಮಗ್ಗಕ್ಕೇರಿಸಿದ್ದ ಹೊಸ ಹಾಸುನೂಲು ಸುಟ್ಟಾಗ, ಹೆಂಡತಿ ಮುತ್ತವ್ವ ಮೂರು ದಿನ ಮಾತು ಬಿಟ್ಟಿದ್ದಳು. ನಾಲ್ಕನೆಯ ದಿನ ಅವನು ಮಗ್ಗ ಮುಟ್ಟಿ ಆಣೆ ಮಾಡಿದ. ಆಣೆ ಎರಡು ದಿನ ಬಾಳಿತು. ಆಮೇಲೆ ಅವನಿಗೆ 'ವಾಕಿಂಗ್' ಹುಚ್ಚು ಹಿಡಿಯಿತು. (ಉದ್ಯಾನದ ಬೇವಿನ ಮರದ ಹಿಂದೆ ಕೂತು ಎರಡು ಬೀಡಿ ಸೇದಿ, ಪೇರಲ ಎಲೆ ಅಗಿದು ಮನೆಗೆ ಬರುವುದಕ್ಕೆ ವಾಕಿಂಗ್ ಎಂದು ಹೆಸರು.)

"ನಮ್ಮನಿಯವರು ಒಮ್ಮಿ ಆಣಿ ಮಾಡಿದ್ರಂದ್ರ ಮುಗೀತ್ರಿ!" ಎಂದು ಮುತ್ತವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಆ ಮಾತು ಕೇಳಿದಾಗಲೆಲ್ಲ ಅವನ ಎದೆಯಲ್ಲಿ ಮುಳ್ಳಾಡುತ್ತಿತ್ತು. ಆ ಸಂಕಟ ತಾಳಲಾರದೆ ಇನ್ನೊಂದು ಬೀಡಿ ಹಚ್ಚುತ್ತಿದ್ದ.

ಆ ಹೊಗಳಿಕೆ ವಾಕಿಂಗ್ ಸಂಘದ ಅಧ್ಯಕ್ಷ ಗಿರಿಮಲ್ಲಪ್ಪನ ಕಿವಿಗೂ ಬಿತ್ತು.

"ಕಾಕಾರ, 'ಧೂಮಪಾನ ನಿಷೇಧ' ಫಲಕ ನಿಮ್ಮ ಕೈಲೇನ ಉದ್ಘಾಟನಿ ಆಗಬೇಕ್ರಿ!"

"ನನಗ ಟೊಂಕಾ ನೋಯಾಕತ್ತೈತಪಾ..."

"ಪರದೆ ಟೊಂಕಲೆ ಎಳೀತಾರೇನ್ರಿ?" ಎಂದಳು ಮುತ್ತವ್ವ. "ಬರತಾರ, ನೀವು ಹೋಗ್ರಿ."

ಸಮಾರಂಭದ ದಿನ ರಾಮಲಿಂಗಪ್ಪ ಅರ್ಧ ತಾಸು ಮೊದಲೇ ಬೇವಿನ ಮರದ ಹಿಂದೆ ಹಾಜರಾದ. ಕಟ್ಟಕಡೆಯ ಬೀಡಿ! ಅರ್ಧ ಸೇದಿರಲಿಲ್ಲ, "ಕಾಕಾರ ಎಲ್ಲಿ ಅದಾರ?" ಎಂದು ಗಿರಿಮಲ್ಲಪ್ಪ ಬಂದೇ ಬಿಟ್ಟ. ರಾಮಲಿಂಗಪ್ಪ ಬೀಡಿಯನ್ನು ಹಾಗೇ ಹೊಸಕಿ ಅಂಗಿಯ ಕಿಸೆಗೆ ತುರುಕಿದ. ಪೂರ್ತಿ ಆರಿತ್ತೋ ಇಲ್ಲವೋ, ನೋಡಲು ಪುರುಸೊತ್ತಿರಲಿಲ್ಲ. ಶಾಲು, ಹಾರ ಬಿದ್ದವು. ಫಲಕದ ಪರದೆ ಸರಿಯಿತು. ಮೈಕು ಕೈಗೆ ಬಂತು.

"ಬಂಧುಗಳೇ, ಧೂಮಪಾನವೆಂಬ ಮಹಾಮಾರಿ..." ಎನ್ನುವಷ್ಟರಲ್ಲಿ ಮುಂದಿನ ಸಾಲಿನ ಮೂಗುಗಳು ಅರಳಿದವು. ಅರಳೆ ಸುಡುವ ವಾಸನೆ ಬನಹಟ್ಟಿಯ ಕೂಸಿಗೂ ಗೊತ್ತು.

"ಅಯ್ಯಯ್ಯೋ, ನೂಲು ಸುಡಾಕತ್ತೈತಿ! ಯಾರ ಮನೀದ್ರೋ?"

ಯಾರೂ ವೇದಿಕೆಯತ್ತ ನೋಡಲಿಲ್ಲ. ಎಲ್ಲರೂ ತಂತಮ್ಮ ಮಗ್ಗದ ಕಡೆ ಓಡಿದರು. ಕುರ್ಚಿಗಳು ಉರುಳಿದವು, ಅಧ್ಯಕ್ಷರ ಒಂದು ಚಪ್ಪಲಿ ಹಿಂದೆ ಉಳಿಯಿತು. ಎರಡು ನಿಮಿಷದಲ್ಲಿ ಅಲ್ಲಿ ಉಳಿದವಳು ಮುತ್ತವ್ವ ಒಬ್ಬಳೇ. ಅವಳು ನಿಧಾನ ಎದ್ದು ಬಂದು, ಪೂಜೆಗಿಟ್ಟಿದ್ದ ತಂಬಿಗೆಯ ನೀರನ್ನು ಗಂಡನ ಕಿಸೆಗೆ ಸುರಿದಳು.

"ನೀ... ನೀ ಯಾಕ ಓಡಲಿಲ್ಲ?"

"ಹನ್ನೊಂದು ವರ್ಷಾತು, ನಿಮ್ಮ ಧೋತರದಾಗಿನ ಕಿಡಿ ತೂತಿಗೆ ಎಳಿ ಕೂಡಿಸಿ ಕೂಡಿಸಿ ನನ್ನ ಕಣ್ಣು ಮಂಜಾದವು. ಆ ವಾಸನಿ ನನಗ ಗೊತ್ತಾಗೂದಿಲ್ಲೇನ್ರಿ?"

"ಗೊತ್ತಿದ್ದೂ ಊರ ತುಂಬ ನನ್ನ ಹೊಗಳಿದಿ?"

"ನಾಚಿಕಿ ಆಗಿ ತಾವ ಬಿಡತಾರಂತ ಹೊಗಳಿದ್ನಿ. ನಿಮಗ ನಾಚಿಕಿ ಅನ್ನೂದ ಇಲ್ಲಂತ ತಡಾ ಆಗಿ ತಿಳೀತು."

ರಾಮಲಿಂಗಪ್ಪನಿಗೆ ಆಗ ನಿಜವಾಗಿಯೂ ನಾಚಿಕೆಯಾಯಿತು. ಇಷ್ಟು ವರ್ಷ ತನ್ನ ಮಾನಕ್ಕೆ ಬಿದ್ದ ತೂತುಗಳನ್ನೂ ಇವಳೇ ಮುಚ್ಚಿದ್ದಾಳೆ ಎನಿಸಿತು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬೀಡಿ ಕಟ್ಟನ್ನು ತೆಗೆದು ಅವಳ ಕೈಗಿತ್ತ.

"ಈ ಸಲ ಖರೇನ ಬಿಟ್ಟೆ. ಆಣಿ ಮಾಡಿ..."

"ಆಣಿ ಒಂದ ಬ್ಯಾಡ್ರಿ!"

ಅಷ್ಟರಲ್ಲಿ ಜನ ಏದುಸಿರು ಬಿಡುತ್ತ ಹಿಂದಿರುಗಿದರು. "ಯಾರ ಮನ್ಯಾಗೂ ಏನೂ ಆಗಿಲ್ರಿ. ಮತ್ತ ಸುಟ್ಟಿದ್ದರ ಏನು?" ಎಂದ ಗಿರಿಮಲ್ಲಪ್ಪ.

ರಾಮಲಿಂಗಪ್ಪ ಕಣ್ಣು ಮುಚ್ಚಿಕೊಂಡ. ಮುತ್ತವ್ವ ಬೀಡಿ ಕಟ್ಟನ್ನು ಸೆರಗಿನಡಿ ಸರಿಸಿದಳು.

"ಊದಿನಕಡ್ಡಿ ಕಿಡಿ ಸಿಡಿದು ಅಂಗಿಗೆ ಹತ್ತಿತ್ರಿ. ಅಂಗಿ ಉರಿದ್ರೂ ಭಾಷಣ ಬಿಡಲಿಲ್ಲ ನೋಡ್ರಿ ನಮ್ಮನಿಯವರು!"

ಚಪ್ಪಾಳೆಯೋ ಚಪ್ಪಾಳೆ. ಗಿರಿಮಲ್ಲಪ್ಪನಿಗೆ ಆವೇಶ ಬಂತು. "ಇಂಥಾ ನಿಷ್ಠಾವಂತರು ಸಿಗೂದಿಲ್ಲ! ಯಾರೂ ಬೀಡಿ ಸೇದದಂಗ ಬೆಳಿಗ್ಗೆ, ಸಂಜಿ ಉದ್ಯಾನದ ಕಾವಲು ಕಾಕಾರದ!" ಎಂದವನೇ ತನ್ನ ಕೊರಳಿನ ಸೀಟಿಯನ್ನು ತೆಗೆದು ಅವನ ಕೊರಳಿಗೆ ಹಾಕಿದ.

"ಅವರೊಬ್ಬರ ಯಾಕ್ರಿ?" ಎಂದಳು ಮುತ್ತವ್ವ. "ನಾಳಿಂದ ನಾನೂ ಕೂಡ ಬರತೇನಿ. ಅವರು ಊರ ಮಂದೀನ ಕಾಯಲಿ, ನಾ ಅವರನ್ನ ಕಾಯ್ತೇನಿ."