ಅರಬ್ ಒಕ್ಕೂಟಕ್ಕೆ ನಾನು ಹಾಕಿಸಿದ ಗೋಂದು

ವ್ಯಾಪಾರಕ್ಕೆ ಇಳಿಯುವವರಿಗೆಲ್ಲ ನಾನು ಮೊದಲು ಹೇಳುವ ಬುದ್ಧಿಮಾತು ಒಂದೇ: ಗೊತ್ತಿಲ್ಲದ್ದನ್ನು ಗಿರಾಕಿಯ ಹತ್ತಿರ ಕೇಳಬೇಡಿ. ನೀವು ಒಂದು ಪ್ರಶ್ನೆ ಕೇಳಿದಿರೋ, ‘ಇವನಿಗೆ ಕಸುಬು ಗೊತ್ತಿಲ್ಲ’ ಎಂದು ಅವನು ಚೌಕಾಸಿಗೆ ಶುರು ಹಚ್ಚುತ್ತಾನೆ. ಸುಮ್ಮನೆ ತಲೆಯಾಡಿಸಬೇಕು. ‘ಆಗ್ಲಿ ಬುಡಿ ಸಾರ್, ನಮ್ಗೇನು ಹೊಸದಾ’ ಎನ್ನಬೇಕು. ಮಾಗಡಿ ತಾಲ್ಲೂಕಿನ ಕಲ್ಯದಿಂದ ಬರಿಗೈಲಿ ಬಂದು, ಚನ್ನಪಟ್ಟಣದ ಬಸ್ಸುಗಳ ಕಿಟಕಿಗೆ ಬುಗುರಿ, ಗಿಲಕಿ ಎತ್ತಿ ಹಿಡಿದು ಮಾರುತ್ತಿದ್ದ ನಾನು, ಹಳೇ ಹೆದ್ದಾರಿಯಲ್ಲಿ ಸ್ವಂತ ಗೊಂಬೆ ಅಂಗಡಿ ಮಾಡಿದ್ದು ಈ ಒಂದೇ ಸೂತ್ರದಿಂದ. ಹಾಗಾಗಿ ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ನನ್ನ ಹೆಂಡತಿ ಜಯಮ್ಮ ಮಾತ್ರ, ‘ನಿಮ್ಮ ಬುದ್ಧಿಮಾತು ಪುಕ್ಕಟೆ ಆಗಿರಾದು ಒಳ್ಳೇದಾಯ್ತು ಕಣ್ರೀ, ಕಾಸಿಸ್ಕಂಡಿದ್ರೆ ಜನ ವಾಪಸ್ ಕೇಳೋರು’ ಎನ್ನುತ್ತಾಳೆ. ಮದುವೆಯಾದ ಗಂಡಸಿಗೆ ಇಷ್ಟು ಗೌರವ ಸಿಕ್ಕರೆ ಸಾಕು.

ಹೊಸ ರಸ್ತೆ ಊರಾಚೆ ಹಾದುಹೋದ ಮೇಲೆ ಕಾರುಗಳು ನಮ್ಮ ಅಂಗಡಿಗಳ ಮುಂದೆ ನಿಲ್ಲುವುದು ಕಡಿಮೆಯಾಯಿತು. ಪೆಟ್ಟು ನನಗಿಂತ ಜಾಸ್ತಿ ಬಿದ್ದದ್ದು ನಸೀರ್ ಸಾಬರಿಗೆ. ನನ್ನ ಅಂಗಡಿಯ ಗೊಂಬೆಗಳೆಲ್ಲ ಅವರ ಲೇತಿನಲ್ಲಿ ಕಡೆದು, ಅರಗಿನ ಬಣ್ಣ ಕುಡಿದು ಬಂದವು. ‘ಇನ್ನೊಂದು ಒಳ್ಳೇ ಆರ್ಡ್ರು ಬರ್ದಿದ್ರೆ ಲೇತು ಕೊಟ್ಬುಟ್ಟು ನಮ್ ಭಾವನ ಕುಶನ್ ಅಂಗ್ಡೀಲಿ ಹತ್ತಿ ತುಂಬಕ್ಕೆ ಕೂತ್ಕತೀನಿ ಸ್ವಾಮಣ್ಣ’ ಎಂದರು ಒಂದು ದಿನ. ಆ ಕೈ ದಿಂಬಿಗೆ ಹತ್ತಿ ತುಂಬುವುದನ್ನು ನೆನೆದು ನನಗೆ ಸಂಕಟವಾಯಿತು. ಅಷ್ಟರಲ್ಲಿ ಫೋನು ಬಂದದ್ದು ಯೂಸುಫ್ ಸಾಹೇಬರದು. ರಾಮನಗರದ ರೇಷ್ಮೆ ಬಿಚ್ಚುವವರ ಮನೆಯ ಮಗ, ಈಗ ಮಸ್ಕತ್ತಿನಲ್ಲಿ ಶಾಲೆಗಳಿಗೆ ಆಟಿಕೆ, ಪಾಠೋಪಕರಣ ಒದಗಿಸುತ್ತಾರೆ. ‘ಅರಬ್ ದೇಶಗಳ ಒಕ್ಕೂಟದ ಸೆಟ್ ಬೇಕು. ಇಪ್ಪತ್ತೆರಡು ದೇಶ, ದುಂಡು ಮೇಜು, ಸುತ್ತ ಆಳೋರ ಗೊಂಬೆ. ಕಣ್ಣು ಮೂಗು ಬೇಡ, ಯಾರ ಹೋಲಿಕೇನೂ ಬೇಡ. ರಜಕ್ಕೆ ಊರಿಗೆ ಬಂದಿದೀನಿ, ಸ್ಯಾಂಪಲ್ ಶುಕ್ರವಾರ ನಮಾಜ್ ಮುಗಿಸಿ ಬಂದು ನೋಡ್ತೀನಿ’ ಎಂದರು. ನಾನು ಎಂದಿನಂತೆ, ‘ಆಗ್ಲಿ ಬುಡಿ ಸಾರ್, ನಮ್ಗೇನು ಹೊಸದಾ’ ಎಂದೆ.

ಅರಬ್ ದೇಶ ಎಂದರೆ ನನ್ನ ತಲೆಯಲ್ಲಿದ್ದದ್ದು ಪೆಟ್ರೋಲು, ಖರ್ಜೂರ, ರಾಜರು. ರಾಜನ ಗೊಂಬೆ ಎಂದರೆ ನಮ್ಮ ಕಡೆ ದಸರೆಗೆ ಕೂರಿಸುವ ಪಟ್ಟದ ಗೊಂಬೆ. ಅದನ್ನು ಒಂಟಿಯಾಗಿ ಮಾರುವಂತಿಲ್ಲ. ರಾಜನಿದ್ದ ಮೇಲೆ ಪಕ್ಕದಲ್ಲಿ ರಾಣಿ ಇರಲೇಬೇಕು, ಇಲ್ಲದಿದ್ದರೆ ಕೊಳ್ಳುವ ಹೆಂಗಸರು ಅಂಗಡಿಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಸರಿ, ಇಪ್ಪತ್ತೆರಡು ರಾಜರು, ಇಪ್ಪತ್ತೆರಡು ರಾಣಿಯರು, ಎಲ್ಲರಿಗೂ ಕಿರೀಟ ಎಂದು ನಸೀರ್ ಸಾಬರಿಗೆ ಹೇಳಿದೆ. ಗೊಂಬೆಗಳ ಕಾಲಿನ ಗೂಟವನ್ನು ಹಲಗೆಯ ತೂತಿಗೆ ಕೂರಿಸುವಾಗ ನನ್ನದೇ ಒಂದು ಸಲಹೆಯನ್ನೂ ಸೇರಿಸಿದೆ: ‘ಒಕ್ಕೂಟ ಅಂದ್ಮ್ಯಾಕೆ ಗಟ್ಟಿಯಾಗಿರ್ಬೇಕು ಸಾಬ್ರೆ. ಬಡಗಿ ಗೋಂದು ಹಾಕಿ, ಭೂಕಂಪ ಆದ್ರೂ ಒಬ್ರೂ ಅಲ್ಲಾಡ್ಬಾರ್ದು.’ ಗುರುವಾರ ಮಧ್ಯಾಹ್ನಕ್ಕೆ ಸ್ಯಾಂಪಲ್ ಸಿದ್ಧವಾಯಿತು. ಕೆಂಪು, ಹಳದಿ, ಹಸಿರು ಹೊಳೆಯುವ ರಾಜದಂಪತಿಗಳು ಮೇಜಿನ ಸುತ್ತ ಇಕ್ಕಟ್ಟಾಗಿ, ಯಾವುದೋ ಸಾಮೂಹಿಕ ವಿವಾಹದ ಊಟಕ್ಕೆ ಕಾಯುತ್ತಿರುವವರಂತೆ ನಿಂತಿದ್ದರು. ನನಗಂತೂ ಕಣ್ಣು ತುಂಬಿ ಬಂತು.

ಸಂಜೆ ಲೇತಿನ ಮನೆಗೆ ನಸೀರ್ ಸಾಬರ ಮಗಳು ಶಬಾನಾ ಬಂದಳು. ಕನಕಪುರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಾಳೆ. ಹಲಗೆಯನ್ನು ಒಂದು ಸುತ್ತು ನೋಡಿದವಳೇ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದಳು.

‘ಅಂಕಲ್, ಇಷ್ಟು ದೇಶಕ್ಕೂ ಪಟ್ಟಾಭಿಷೇಕ ಮಾಡಿಸ್ಬುಟ್ರಾ? ರಾಜರು, ಅಮೀರರು, ಸುಲ್ತಾನರು ಇರೋದು ಎಂಟೇ ಕಡೆ. ಮಿಕ್ಕಿದ್ದೆಲ್ಲ ಗಣರಾಜ್ಯ. ಈಜಿಪ್ಟಲ್ಲಿ, ಇರಾಕಲ್ಲಿ ರಾಜರನ್ನ ಇಳಿಸಿ ಎಷ್ಟು ಕಾಲ ಆಯ್ತು! ಈಗ ನೀವು ವಾಪಸ್ ಕೂರಿಸಿದೀರ.’

‘ಮಿಕ್ಕಿದ ಕಡೆ ಯಾರವ್ರೆ ಮಗಾ?’ ಎಂದರು ನಸೀರ್ ಸಾಬರು, ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು.

‘ಪ್ರೆಸಿಡೆಂಟ್, ಅಬ್ಬಾ. ಕೆಲವರು ಓಟಿನಲ್ಲಿ ಬಂದೋರು, ಕೆಲವರು ಮಿಲಿಟ್ರಿಯಿಂದ ಬಂದೋರು.’

‘ಇಬ್ರಿಗೂ ತಲೆ ಒಂದೇ ತರ ಕಡೀಬೇಕಾ?’

‘ಕುರ್ಚೀಲಿ ಕೂತ ಮೇಲೆ ಇಬ್ಬರೂ ಪ್ರೆಸಿಡೆಂಟೇ. ಬೋಳು ತಲೆ ಮಾಡಿ.’

ಶಬಾನಾ ಒಂದೊಂದು ಗೊಂಬೆಯ ಮೇಲೂ ದೇಶದ ಹೆಸರು ಬರೆಯುತ್ತ ಹೋದಳು. ಎಮಿರೇಟ್ಸ್ ಎಂಬ ದೇಶದ ಹತ್ತಿರ ಬಂದಾಗ ಕೆಲಸವೇ ನಿಂತಿತು. ಅಲ್ಲಿ ಏಳು ಜನ ಅಮೀರರು ಸೇರಿ ತಮ್ಮಲ್ಲೊಬ್ಬರನ್ನು ಪ್ರೆಸಿಡೆಂಟ್ ಮಾಡಿಕೊಂಡಿದ್ದಾರಂತೆ. ಕಿರೀಟ ಇಡುವುದೋ, ಬೋಳಿಸುವುದೋ? ‘ಅರ್ಧ ಕಿರೀಟ ಇಕ್ಕಿ’ ಎಂದು ನಾನು ಸಲಹೆ ಕೊಟ್ಟೆ. ಯಾರೂ ತೆಗೆದುಕೊಳ್ಳಲಿಲ್ಲ. ಲೆಬನಾನಿನಲ್ಲಿ ಅಧ್ಯಕ್ಷ, ಪ್ರಧಾನಿ, ಸ್ಪೀಕರ್ ಮೂವರೂ ಒಂದೊಂದು ಸಮುದಾಯದಿಂದಲೇ ಬರಬೇಕೆಂಬ ವಾಡಿಕೆ ಇದೆಯೆಂದು ಶಬಾನಾ ಹೇಳಿದಾಗ ಮಾತ್ರ ನನಗೆ ಜೀವ ಬಂತು. ಇದು ನಮ್ಮ ಹಾಲಿನ ಡೈರಿ ಆಡಳಿತ ಮಂಡಳಿಯ ವ್ಯವಸ್ಥೆಯೇ ತಾನೆ! ಅಷ್ಟು ದೂರದ ದೇಶಕ್ಕೆ ಇದನ್ನು ಯಾರು ಕಲಿಸಿದರೋ ಎಂದು ಹೆಮ್ಮೆಪಟ್ಟೆ.

ಕಷ್ಟ ಶುರುವಾದದ್ದು ಆಮೇಲೆ. ಕಿರೀಟ ಕಡೆದು ತೆಗೆಯಲು ಗೊಂಬೆಯನ್ನು ಲೇತಿಗೆ ಏರಿಸಬೇಕು. ಗೊಂಬೆ ಹಲಗೆಗೆ ಅಂಟಿದೆ. ಅಂಟಿಸಿದ ಗೋಂದು ನನ್ನದು. ನಸೀರ್ ಸಾಬರು ಕೊಡತಿ ಹಿಡಿದು ಒಬ್ಬೊಬ್ಬ ದೊರೆಯ ಬುಡಕ್ಕೂ ಬಡಿದು ಕಿತ್ತರು. ಗೂಟಗಳಿಗೆ ಹತ್ತಿದ್ದ ಗೋಂದನ್ನು ಕೆರೆದು ಕೆರೆದು ಅವು ಸಣಕಲಾದವು. ಎಂಟು ತಲೆ ಬಿಟ್ಟು ಮಿಕ್ಕವೆಲ್ಲ ಬೋಳಾದವು. ಎಮಿರೇಟ್ಸಿಗೆ ಕೊನೆಗೂ ಕಿರೀಟವೇ ಉಳಿಯಿತು. ಆಳುವವರು ಮಾತ್ರ ಸಾಕೆಂದು ರಾಣಿಯರು ಒಂದು ಬುಟ್ಟಿ ಸೇರಿದರು. ಆದರೆ ತೂತು ದೊಡ್ಡದು, ಗೂಟ ಸಣ್ಣದು; ಯಾವ ದೇಶವೂ ನೆಟ್ಟಗೆ ನಿಲ್ಲಲಿಲ್ಲ. ಲಿಬಿಯಾ ಈ ಕಡೆ ವಾಲಿದರೆ ಸೂಡಾನ್ ಆ ಕಡೆ ವಾಲಿತು. ನಸೀರ್ ಸಾಬರು ಅಂಗಿಯ ತೋಳಲ್ಲಿ ಬೆವರು ಒರೆಸಿಕೊಂಡು, ‘ಇನ್ನು ಹತ್ತಿ ತುಂಬದೇ ನನ್ ಹಣೆಬರ ಸ್ವಾಮಣ್ಣ’ ಎಂದರು. ನನ್ನ ಬಾಯಲ್ಲಿ ಸಲಹೆ ಬರಲಿಲ್ಲ. ಅಂಥ ದಿನ ನನ್ನ ಬಾಳಿನಲ್ಲಿ ಅಪರೂಪ.

ಶುಕ್ರವಾರ ಯೂಸುಫ್ ಸಾಹೇಬರು ಬಂದರು. ಕುರ್ಚಿಯಲ್ಲಿ ಕೂತು ಹಲಗೆ ಎತ್ತಿದರು. ಸೌದಿ, ಸಿರಿಯಾ, ಈಜಿಪ್ಟ್ ಮೂರೂ ಉದುರಿ ಅವರ ತೊಡೆಯ ಮೇಲೆ ಬಿದ್ದವು. ನಸೀರ್ ಸಾಬರು ಗೋಡೆಯ ಕಡೆ ತಿರುಗಿ ನಿಂತರು.

‘ಅರೆ ವಾಹ್! ಕಿತ್ತು ಹೊರಗಿಡಬಹುದಾ? ಇದು ಯಾರ ಐಡಿಯಾ?’ ಎಂದರು ಯೂಸುಫ್ ಸಾಹೇಬರು.

ಉತ್ತರಕ್ಕೂ ಕಾಯದೆ ಅವರೇ ಮುಂದುವರಿಸಿದರು: ‘ನಮ್ ಟೀಚರಮ್ಮ ಇದ್ನೇ ಕೇಳಿದ್ರು. ಸಿರಿಯಾನ ವರ್ಷಗಟ್ಲೆ ಹೊರಗಿಟ್ಟು ಮತ್ತೆ ಕರ್ಕೊಂಡ್ರು. ಈಜಿಪ್ಟು ಇಸ್ರೇಲ್ ಜೊತೆ ರಾಜಿ ಆಯ್ತು ಅಂತ, ಒಕ್ಕೂಟದ ಕಚೇರಿ ಇದ್ದ ಆ ದೇಶದೋರ್ನೇ ಹೊರಗೆ ಹಾಕಿ, ಕಚೇರೀನ ಟ್ಯುನಿಸ್‌ಗೆ ಎತ್ಕೊಂಡು ಹೋಗಿದ್ರು, ಆಮೇಲೆ ವಾಪಸ್ ತಂದ್ರು. ಮಕ್ಕಳು ಕೈಯಲ್ಲಿ ಕಿತ್ತು, ಇಟ್ಟು ಕಲೀಬೇಕು.’

‘ಅದ್ಕೇ ಸಾರ್ ನಾನು ಹಂಗ್ ಮಾಡ್ಸಿದ್ದು’ ಎಂದೆ, ಬೇರೆ ಯಾರೂ ಬಾಯಿ ತೆರೆಯುವ ಮೊದಲು. ‘ಗೋಂದು ಹಾಕಾನ ಅಂದ್ರು. ನಾನೇ ಬ್ಯಾಡ ಅಂದೆ.’

ಪಕ್ಕದಲ್ಲಿ ನಿಂತಿದ್ದ ಶಬಾನಾ ಕೆಮ್ಮಿದಳು. ನಸೀರ್ ಸಾಬರು ಗೋಡೆಯಿಂದ ಈ ಕಡೆ ತಿರುಗಿ, ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿ, ‘ಹೌದು ಸಾಹೇಬ್ರೇ, ನಮ್ ಸ್ವಾಮಣ್ಣಂಗೆ ಗೋಂದು ಅಂದ್ರೇನೇ ಆಗಲ್ಲ’ ಎಂದರು.

ಆರ್ಡರು ಆಯಿತು. ಲೇತು ಅಂದೇ ತಿರುಗತೊಡಗಿತು. ಸಂತೋಷದಲ್ಲಿ ನಾನು, ಇನ್ನು ಮುಂದೆ ನಾವು ಮೂವರೂ ಒಕ್ಕೂಟದ ಹಾಗೆ ಸೇರಿ ತೀರ್ಮಾನ ಮಾಡೋಣ ಎಂದೆ. ಶಬಾನಾ ತಕ್ಷಣ ಒಪ್ಪಿದಳು. ಗೊಂಬೆಯ ವಿಷಯ ಅವಳದು, ಮರದ ವಿಷಯ ಅಪ್ಪನದು. ‘ನೀವು ಮಹಾಕಾರ್ಯದರ್ಶಿ ಅಂಕಲ್. ಸಭೆ ಕರೀಬಹುದು, ಗಿರಾಕಿಗಳ ಹತ್ರ ಒಕ್ಕೂಟದ ಪರವಾಗಿ ಮಾತಾಡಬಹುದು, ಹೇಳಿಕೆ ಕೊಡಬಹುದು. ಓಟು ಮಾತ್ರ ಇರಲ್ಲ.’ ಮಹಾ ಎಂಬ ಶಬ್ದ ಕೇಳಿ ನಾನು ಚೌಕಾಸಿ ಮಾಡದೆ ಒಪ್ಪಿಬಿಟ್ಟೆ. ಬದುಕಿನಲ್ಲಿ ಮೊದಲ ಸಲ.

ಈಗ ಕೆಲಸ ಚೆನ್ನಾಗಿಯೇ ನಡೆಯುತ್ತಿದೆ. ನಿನ್ನೆ ಅಪ್ಪ ಮಗಳು ನನ್ನನ್ನು ಕೇಳದೆಯೇ ಸೆಟ್ಟಿನ ಮೇಜಿನ ಬಣ್ಣ ಬದಲಾಯಿಸಿಬಿಟ್ಟಿದ್ದರು. ನಾನು ಲೇತಿನ ಮನೆಯ ಬಾಗಿಲಲ್ಲಿ ನಿಂತು ತೀವ್ರ ಕಳವಳ ವ್ಯಕ್ತಪಡಿಸಿದೆ. ನಸೀರ್ ಸಾಬರು ಲೇತು ನಿಲ್ಲಿಸದೆಯೇ ನನಗೊಂದು ಟೀ ತರಿಸಿಕೊಟ್ಟರು. ಕುಡಿದೆ. ಲೋಟ ಕೆಳಗಿಟ್ಟು, ಉಗ್ರವಾಗಿ ಖಂಡಿಸಿ ಮನೆಗೆ ಬಂದೆ.