ಥೀಮ್ ಪಾರ್ಕಿನಲ್ಲಿ ನಮ್ಮವ್ವನ ಒಲೆ

ನಮ್ಮ ಕಡೆಯ ಜನಕ್ಕೆ ದೂರು ಬರೆದು ಅಭ್ಯಾಸವಿಲ್ಲ, ಹೇಳಿ ಅಭ್ಯಾಸ. ಹೇಳುವುದಕ್ಕೂ ಒಂದು ಪದ್ಧತಿ ಇದೆ. ಮೊದಲು ಎದುರಿಗೆ ನಿಂತು "ಎಲ್ಲಾ ಭಾಳ ಚಲೋ ಐತ್ರಿ" ಅನ್ನಬೇಕು. ಆಮೇಲೆ ಮನೆಮಂದಿ ಆರಾಮ ಇದ್ದಾರೋ, ನಿಮ್ಮ ಕಡೆ ಮಳೆ ಹೇಗೆ, ತೊಗರಿ ಹೇಗೆ ಎಂದು ಕೇಳಬೇಕು. ಚಹಾ ಬರಬೇಕು, ಬಸಿಗೆ ಸುರಿದು ಕುಡಿದು ಮುಗಿಸಬೇಕು. ಎದ್ದು ಹೊರಟು, ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ ಮೇಲೆ "ಖರೇ, ಒಂದ್ ಮಾತ್ರಿ..." ಎಂದು ಶುರುವಾಗುತ್ತದೆ. ಅಲ್ಲಿಂದ ಮುಂದೆ ಒಂದೇ ಚಪ್ಪಲಿಯಲ್ಲಿ ನಿಂತು ಅವರು ಅರ್ಧ ತಾಸು ಮಾತಾಡುತ್ತಾರೆ. ಈ ಪದ್ಧತಿ ಗೊತ್ತಿಲ್ಲದವರು ನಮ್ಮ ಜನರ ಬಾಯಿ ಒರಟು ಎನ್ನುತ್ತಾರೆ. ಇಷ್ಟು ಸಾವಕಾಶವಾಗಿ ಬೈಯುವವರು ಬೇರೆ ಎಲ್ಲಿದ್ದಾರೆ ಹೇಳಿ?

ಇಂಥ ಜನರ ನಡುವೆ ನನ್ನದು ಸಲಹೆ ಸ್ವೀಕರಿಸುವ ನೌಕರಿ. ಝಳಕಿ ದಾಟಿದ ಮೇಲೆ ಹೆದ್ದಾರಿ ಪಕ್ಕದಲ್ಲಿ 'ತವರೂರು' ಎಂಬ ಥೀಮ್ ಪಾರ್ಕ್ ಇದೆ. ಒಂದು ಕಡೆ ನೀರಿನ ಜಾರುಬಂಡಿ, ಮಕ್ಕಳ ರೈಲು. ಇನ್ನೊಂದು ಕಡೆ ಹಳೆಯ ಕಾಲದ ಹಳ್ಳಿ. ಮಾಲೀಕರು ಇಂಡಿ ಪಟ್ಟಣದಲ್ಲಿ ನಿಂಬೆಹಣ್ಣಿನ ದಲಾಲಿ ಮಾಡಿ ಮೇಲೆ ಬಂದವರು. ನಾವೆಲ್ಲ ಸಾವಕಾರರು ಎನ್ನುತ್ತೇವೆ. ಅವರು ಒಮ್ಮೆ ವಿದೇಶ ಪ್ರವಾಸಕ್ಕೆ ಹೋಗಿ ಅಲ್ಲಿನ ದೊಡ್ಡ ಪಾರ್ಕೊಂದರಲ್ಲಿ ಪಾಳಿ ಹಚ್ಚಿ ನಿಂತಿದ್ದಾಗ, ಇಲ್ಲಿ ನೆರಳಿಲ್ಲ ಎಂದು ಅಲ್ಲಿನ ನೌಕರನಿಗೆ ಹೇಳಿದರಂತೆ. ಮರುದಿನ ಹೋದರೆ ಅದೇ ಜಾಗದಲ್ಲಿ ನೆರಳು ಇತ್ತಂತೆ. ಮೋಡ ಕವಿದಿತ್ತೋ ಏನೋ, ನಾನು ಕೇಳಲಿಲ್ಲ. ಅಂದಿನಿಂದ ಅವರಿಗೆ ಒಂದೇ ಧ್ಯಾನ: ಬಂದವರ ಮಾತು ನೆಲಕ್ಕೆ ಬೀಳಬಾರದು.

ನನ್ನನ್ನು ಆರಿಸಿದ್ದಕ್ಕೂ ಕಾರಣವಿತ್ತು. ನಾನು ನಿವೃತ್ತಿಯಾಗುವ ತನಕ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಬಸ್ಸು ಕೆಟ್ಟರೆ ಡ್ರೈವರನಿಗೆ, ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರನಿಗೆ ಬೈದ ಹಾಗೆ, ಬಸ್ಸೇ ಬರದಿದ್ದರೆ ಬೈಸಿಕೊಳ್ಳಲು ಇರುವ ಮನುಷ್ಯ ಕಂಟ್ರೋಲರ್. ಸಿಂದಗಿ ಗಾಡಿ ಯಾವಾಗ ಬರುತ್ತದೆ ಎಂದು ಒಬ್ಬನೇ ಮನುಷ್ಯ ಮತ್ತೆ ಮತ್ತೆ ಬಂದು ಕೇಳಿದರೂ "ಈಗ ಬರ್ತೈತ್ರಿ" ಎಂದು ಮುಖ ಕೆಡಿಸಿಕೊಳ್ಳದೆ ಹೇಳಿದ ನನ್ನ ಸಾಧನೆ ಸಾವಕಾರರಿಗೆ ಗೊತ್ತಿತ್ತು. "ಗುರಪ್ಪ, ಬೈಸಿಕೊಳ್ಳಾಕ ನಿನ್ನಂಥಾವ ಈ ಜಿಲ್ಲಾದಾಗ ಇಲ್ಲ" ಎಂದು ಕರೆದು ಕುರ್ಚಿ ಕೊಟ್ಟರು. ಬಾಗಿಲ ಹತ್ತಿರ ಸಲಹಾ ಪೆಟ್ಟಿಗೆಯನ್ನೂ ಇಡಿಸಿದರು. ಅದರಲ್ಲಿ ಇದುವರೆಗೆ ಸಿಕ್ಕಿದ್ದು ಶೇಂಗಾ ಸಿಪ್ಪೆ, ಒಂದು ಕೂಸಿನ ಕಾಲುಚೀಲ, ಯಾರದೋ ಮದುವೆಯ ಲಗ್ನಪತ್ರಿಕೆ. ಸಲಹೆಗಳೆಲ್ಲ ಪೆಟ್ಟಿಗೆ ಬಿಟ್ಟು ನೇರವಾಗಿ ಇಂಡಿಯ ನಮ್ಮ ಮನೆಗೇ ಬರುತ್ತಿದ್ದವು. ಚಹಾ ಕಾಸಿ ಕಾಸಿ ಬೇಸತ್ತ ನನ್ನ ಹೆಂಡತಿ ಸುಮಿತ್ರಾ, "ಆ ಪಾರ್ಕಿನ ಟಿಕೆಟ್ ರೊಕ್ಕ ಅವ್ರಿಗೆ, ಹಾಲಿನ ಖರ್ಚು ನಮ್ಗ" ಎನ್ನುತ್ತಿದ್ದಳು.

ಇಷ್ಟಾದರೂ ನಾನು ಆ ನೌಕರಿ ಬಿಡಲಿಲ್ಲ. ಅದಕ್ಕೆ ಕಾರಣ ಸಂಬಳವಲ್ಲ, ಒಂದು ಮನೆ. ಪಾರ್ಕ್ ಕಟ್ಟುವಾಗ ಸಾವಕಾರರು, "ಹಳೇ ಮನಿ ಹೆಂಗಿರ್ತಿತ್ತು, ಸ್ವಲ್ಪ ಹೇಳಿ ಕಟ್ಟಿಸು" ಎಂದು ನನಗೇ ವಹಿಸಿದರು. ನಾನು ಯಾವ ಮನೆ ಹೇಳಲಿ? ನನಗೆ ಒಳಗಿನಿಂದ ಗೊತ್ತಿದ್ದದ್ದು ಒಂದೇ, ತಾಂಬಾದಲ್ಲಿ ನಾನು ಹುಟ್ಟಿ ಬೆಳೆದ ಮನೆ. ಅದರ ಮಾಳಿಗೆ ಸೋರಿ, ಗೋಡೆ ಕುಸಿದು, ಈಗ ಆ ಜಾಗದಲ್ಲಿ ತಮ್ಮನ ಸಿಮೆಂಟಿನ ಮನೆ ನಿಂತಿದೆ. ಹಳೆಯ ಮನೆಯ ಒಳಗಿನ ಫೋಟೊ ಒಂದೂ ಇಲ್ಲ. ಇದ್ದ ಒಂದು ಫೋಟೊದಲ್ಲಿ ನಾವೆಲ್ಲ ಅಂಗಳದಲ್ಲಿ ಸಾಲಾಗಿ ನಿಂತಿದ್ದೇವೆ. ಮನೆ ಚಂದ ಕಾಣುವುದಿಲ್ಲವೆಂದು ಹಿಂದೆ ಚಾದರ ಕಟ್ಟಿದ್ದಾರೆ. ಹೀಗಾಗಿ ಆ ಮನೆ ಉಳಿದದ್ದು ನನ್ನ ತಲೆಯಲ್ಲಿ ಮಾತ್ರ.

ಗೌಂಡಿ ಇಮಾಮಸಾಬನಿಗೆ ನಾನು ಕಣ್ಣುಮುಚ್ಚಿ ಹೇಳುತ್ತ ಹೋದೆ, ಅವನು ಕಟ್ಟುತ್ತ ಹೋದ. ತಗ್ಗು ಬಾಗಿಲು, ಒಳಗೆ ಎಡಕ್ಕೆ ದನ ಕಟ್ಟುವ ಜಾಗ, ಎದುರಿಗೆ ಪಡಸಾಲೆ, ಅದರಾಚೆ ಹಿತ್ತಲಿಗೆ ಬಾಗಿಲಿದ್ದ ಅಡುಗೆಮನೆ. ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಆ ಬೆಳಕಿಂಡಿಯ ಕೆಳಗೆ ಸರಿಯಾಗಿ ನಮ್ಮವ್ವನ ಒಲೆ. ಮುಂಜಾನೆ ಮೇಲಿನಿಂದ ಬಿಸಿಲಿನ ಕೋಲು ಇಳಿಯುವುದು, ಅದರಲ್ಲಿ ಹೊಗೆ ಸುತ್ತಿ ಸುತ್ತಿ ಏರುವುದು, ಅದರ ಬುಡದಲ್ಲಿ ಕುಳಿತು ಅವ್ವ ರೊಟ್ಟಿ ತಟ್ಟುವುದು. ನನಗೆ ಅವ್ವ ಎಂದರೆ ಈ ಚಿತ್ರವೇ. ಅವಳ ಮುಖ ಈಚೆಗೆ ಸ್ವಲ್ಪ ಮಸುಕಾಗಿದ್ದರೂ ಆ ಬೆಳಕು ಮಸುಕಾಗಿರಲಿಲ್ಲ. ಕಟ್ಟಿ ಮುಗಿದ ದಿನ ಆ ಒಲೆಯ ಮುಂದೆ ನಿಂತು ನನಗೆ ಅಳು ಬಂತು. ಇಮಾಮಸಾಬ, "ಸುಣ್ಣ ಕಣ್ಣಿಗೆ ಬಿತ್ತೇನ್ರಿ?" ಎಂದ. ಹೌದೆಂದೆ.

ಪಾರ್ಕ್ ತೆರೆದ ಮೇಲೆ ಶುರುವಾಯಿತು ನೋಡಿ. ಪಟ್ಟಣದ ಮಕ್ಕಳಿಗೆ ಹಳ್ಳಿ ತೋರಿಸಬೇಕೆಂದು ಸಾವಕಾರರ ಲೆಕ್ಕ, ಬಂದವರೆಲ್ಲ ಹಳ್ಳಿಯವರೇ. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆ ಹುಡುಕಿಕೊಂಡು ಬಂದರು, ಸಿಗದಿದ್ದಕ್ಕೆ ನನ್ನನ್ನು ಹುಡುಕಿದರು. ಅದರಲ್ಲೂ ವರ್ಷದ ಮೆಂಬರುಗಳು. ಟಿಕೆಟ್ ತೆಗೆಸಿದವನು ನೋಡಿ ಹೋಗುತ್ತಾನೆ, ಮೆಂಬರಾದವನು ಅಳಿಯನ ಹಾಗೆ, ಬಂದಾಗಲೆಲ್ಲ ಏನಾದರೊಂದು ಕೊರತೆ ಕಾಣಬೇಕು. ಬಸವನ ಬಾಗೇವಾಡಿಯ ಹಿರಿಯರೊಬ್ಬರು ಫೈಬರಿನ ಎತ್ತಿನ ಬೆನ್ನು ಚಪ್ಪರಿಸಿ, "ಎತ್ತು ಭಾಳ ಚಲೋ ಅದಾವ. ಖರೇ, ಇವು ಹೊಲದಾಗ ಗಳೇ ಹೊಡಿಯೋ ಎತ್ತಲ್ರಿ, ಅತ್ತಿ ಮನಿಗೆ ಬಂದ ಹೊಸಾ ಅಳಿಯಂದ್ರು ಕುಂತಂಗ ಕುಂತಾವ" ಎಂದರು. ಸಾವಕಾರರು ಎತ್ತು ಬದಲಿಸಿದರು. ಸಿಂದಗಿಯ ಮಾಸ್ತರರು ದನ ಕಟ್ಟುವ ಜಾಗ ಬಲಕ್ಕಿರಬೇಕಿತ್ತು ಎಂದರು. ಅದು ಬಲಕ್ಕೆ ಹೋಯಿತು. ಬಾಗಿಲಿಗೆ ತಲೆ ಬಡಿಯುತ್ತದೆ ಎಂದು ಯಾರೋ ಅಂದರು, ಬಾಗಿಲು ಎತ್ತರವಾಯಿತು. ನಮ್ಮಪ್ಪ ಜೀವಮಾನವಿಡೀ ಬಗ್ಗಿ ಒಳಗೆ ಬಂದ ಬಾಗಿಲು ಅದು!

ಒಂದೊಂದು ಸಲಹೆಗೂ ನನ್ನ ಮನೆಯ ಒಂದೊಂದು ಮೂಲೆ ಹೋಗುತ್ತಿತ್ತು. ಒಡೆಯುವ ಮೊದಲು ರಿವಾಜಿನ ಪ್ರಕಾರ ಒಪ್ಪಿಗೆ ಕೊಡಬೇಕಾದವನು ನಾನೇ. ಇದು ನಮ್ಮ ಮನೆ ಎಂದು ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ. ಸಾವಕಾರರ ದುಡ್ಡಿನಲ್ಲಿ ನಿಮ್ಮಪ್ಪನ ಮನೆ ಕಟ್ಟಿಸಿದೆಯಾ ಎಂದಾರು. ಎಲ್ಲ ಬಿಟ್ಟುಕೊಟ್ಟೆ. ಒಲೆಯ ಮಾತು ಬಂದಾಗ ಮಾತ್ರ ಜಗ್ಗಲಿಲ್ಲ. ಮುದ್ದೇಬಿಹಾಳದಿಂದ ಬಂದಿದ್ದ ಹೆಣ್ಣುಮಕ್ಕಳ ಗುಂಪೊಂದು ಒಲೆಯ ಸುತ್ತ ನಿಂತು ತನಿಖೆ ಮಾಡಿ, "ಇದು ಅಡಗಿ ಮಾಡೂ ಒಲಿ ಅಲ್ರಿ, ಗಂಡಸರು ಇಟ್ಟ ಒಲಿ" ಎಂದು ತೀರ್ಪು ಕೊಟ್ಟಿತು. ಅಲ್ಲಿಂದ ಮುಂದೆ ಒಬ್ಬರಲ್ಲ ಒಬ್ಬರು ಒಲೆ ಸರಿಸಿರಿ ಎನ್ನುವವರೇ. ಇಮಾಮಸಾಬ ಹಾರೆ ಹಿಡಿದು ಬಂದು, "ಹೇಳ್ರಿ, ಯಾವ ಕಡಿ ಇಡ್ಲಿ? ಇಲ್ಲಾಂದ್ರ ಗಾಲಿ ಹಚ್ಚಿಬಿಡ್ತೇನ್ರಿ, ಬಂದ ಬಂದವ್ರು ಅವ್ರವ್ರ ಕಡಿ ದೂಕ್ಕೊಳ್ಳಿ" ಎಂದ. ನಾನು ಅವನನ್ನು ಹಾರೆಯ ಸಮೇತ ವಾಪಸು ಕಳಿಸಿದೆ. ಸಾವಕಾರರಿಗೆ, "ತಾಂಬಾ ಕಡಿ ಒಲಿ ಹಿಂಗ ಇರ್ತಾವ್ರಿ" ಎಂದು ಖಡಾಖಂಡಿತವಾಗಿ ಹೇಳಿದೆ. ತಾಂಬಾದವರು ಯಾರಾದರೂ ಬಂದು ಹೌದು ಅಂದರೆ ಒಲೆ ಇರಲಿ, ಇಲ್ಲದಿದ್ದರೆ ತೆಗೆಯಬೇಕು ಎಂದು ಅವರೂ ಖಡಾಖಂಡಿತವಾಗಿ ಹೇಳಿದರು.

ಸಾಕ್ಷಿ ಯಾರನ್ನು ತರಲಿ? ಆ ಅಡುಗೆಮನೆಯಲ್ಲಿ ಕುಳಿತು ಉಂಡವರಲ್ಲಿ ನನಗಿಂತ ದೊಡ್ಡವರು ಈಗ ಶಾಂತಕ್ಕ ಒಬ್ಬಳೇ. ನನ್ನ ಹಿರಿಯ ಅಕ್ಕ, ನಾಲತವಾಡಕ್ಕೆ ಕೊಟ್ಟ ಹೆಣ್ಣುಮಗಳು. ಹಳೆಯ ಮನೆ ಬಿದ್ದ ಮೇಲೆ ತವರಿಗೆ ಬರುವುದನ್ನೇ ಕಡಿಮೆ ಮಾಡಿದ್ದಳು. "ಅಲ್ಲಿ ನಂದೇನೈತಿ, ಟೈಲ್ಸ್ ಮ್ಯಾಲ ಕಾಲ ಜಾರ್ತಾವ" ಎನ್ನುತ್ತಿದ್ದಳು. ಫೋನು ಮಾಡಿ, ಒಂದು ಜಾಗ ತೋರಿಸುತ್ತೇನೆ ಬಾ ಎಂದೆ. ಏನೆಂದು ಹೇಳಲಿಲ್ಲ. ಬರುವಾಗ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕಟ್ಟಿಕೊಂಡೇ ಬಂದಳು. ಪಾರ್ಕಿನಲ್ಲಿ ಊಟ ಸಿಗುತ್ತದೆಂದರೆ ನಂಬುವವಳಲ್ಲ.

ಒಳಗೆ ಕಾಲಿಟ್ಟವಳು ಪಡಸಾಲೆಯಲ್ಲಿ ಗಕ್ಕನೆ ನಿಂತಳು. ಕಂಬ ಮುಟ್ಟಿದಳು. ಗೋಡೆಯ ಗೂಡಿನಲ್ಲಿ ಕೈಯಾಡಿಸಿದಳು. ಆಮೇಲೆ ಬಹಳ ಮೆಲ್ಲಗೆ, "ಗುರ್ಯಾ, ಇದು ನಮ್ಮನಿ ಅಲ್ಲೇನೋ?" ಎಂದಳು. ಎತ್ತರದ ಬಾಗಿಲು, ಬಲಕ್ಕೆ ಹೋದ ದನದ ಜಾಗ, ಅಷ್ಟೆಲ್ಲ ಬದಲಾದರೂ ಅವಳು ಗುರುತು ಹಿಡಿದಳಲ್ಲ! ಇಷ್ಟು ದಿನದ ಎಲ್ಲ ಸಲಹೆಗಳಿಗೂ ಸೇರಿಸಿ ನನಗೆ ಸಿಕ್ಕ ಬಹುಮಾನ ಅದು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಗೆ ಹೋದಳು. ಒಳಗಿನಿಂದ ಅವಳ ಧ್ವನಿ ಬಂತು.

"ಎಲ್ಲಾ ಚಲೋ ಮಾಡೀಯಪ್ಪ. ಖರೇ, ಈ ಒಲಿ ಯಾಕ ಇಲ್ಲಿ ಐತಿ?"

"ಮತ್ತೆಲ್ಲಿ ಇತ್ತು? ಬೆಳಕಿಂಡಿ ಕೆಳಗ ಇತ್ತಲ್ಲ!" ಎಂದೆ.

"ಹಿತ್ತಲ ಬಾಗಲ ಹಂತ್ಯಾಕ ಇತ್ತೋ ಹುಚ್ಚಾ. ಗಾಳಿಗೆ ಹೊಗಿ ಹೊರಗ ಹೋಗ್ಲಿ ಅಂತ. ನೀ ಹುಟ್ಟೂಕಿಂತ ಮೊದ್ಲ ಆ ಒಲಿ ಊದಾಕತ್ತಾಕಿ ನಾನು."

"ಬಿಸಲಾಗ ಹೊಗಿ ಏಳೂದು ನಾ ಕಣ್ಣಾರೆ ನೋಡೀನಲ್ಲ, ಅಕ್ಕ."

"ನೋಡಿರ್ತಿ. ಯಾಕಂದ್ರ ಬೆಳಕಿಂಡಿ ಕೆಳಗ ಇದ್ದದ್ದು ನಿನ್ನ ತೊಟ್ಟಲ. ಅವ್ವ ಅಲ್ಲಿಂದ ರೊಟ್ಟಿ ಮಾಡ್ಕೋತ, ಕಾಲಾಗ ಹಗ್ಗಾ ಹಿಡ್ಕೊಂಡು ನಿನ್ನ ತೂಗ್ತಿದ್ಲು. ದೊಡ್ಡಾಂವ ಆದ್ರೂ ಅಲ್ಲೇ ಬಿದ್ಕೋತಿದ್ದಿ. ಬೆಳಕು ಬೀಳ್ತಿದ್ದದ್ದು ನಿನ್ನ ಮ್ಯಾಲ, ಅವ್ವನ ಮ್ಯಾಲ ಅಲ್ಲ."

ನಾನು ಬಸ್ ನಿಲ್ದಾಣದಲ್ಲಿ ಕಲಿತ ವಕಾಲತ್ತನ್ನೆಲ್ಲ ಹೊರತೆಗೆದೆ. ಮಳೆ ಬಂದರೆ ಬೆಳಕಿಂಡಿಯ ಕೆಳಗೆ ತೊಟ್ಟಿಲು ನೆನೆಯುತ್ತಿರಲಿಲ್ಲವೇ ಎಂದು ಕೇಳಿದೆ. ಅಕ್ಕ ನನ್ನನ್ನು ಕರುಣೆಯಿಂದ ನೋಡಿ, "ಮಳಿ ಬಂದ್ರ ತೊಟ್ಟಲ ಈ ಕಡಿ ಎಳಕೋಬೌದು. ಒಲಿ ಎಳಕೋತೀಯೇನು?" ಎಂದಳು. ಬಾಗಿಲಲ್ಲಿ ನಿಂತಿದ್ದ ಇಮಾಮಸಾಬ ಕೆಮ್ಮಿದ.

ವಾದಕ್ಕೆ ಕೊನೆ ಕಾಣದೆ ಅಕ್ಕ ಆ ಒಲೆಗೇ ಬೆಂಕಿ ಹಾಕಿ ತೋರಿಸಲು ಕುಳಿತಳು. ಪಾರ್ಕಿನಲ್ಲಿ ನೋಡಲಿಕ್ಕೆಂದು ಇಟ್ಟ ಕಟ್ಟಿಗೆ, ಹಂಚು, ಹಿಟ್ಟು ನಾದುವ ಕೊಣಮಿಗೆ ಎಲ್ಲ ಕೆಳಗಿಳಿದವು. ಅಲ್ಲಿಯ ಹೊಟೇಲಿನಿಂದ ಜೋಳದ ಹಿಟ್ಟು ಬಂತು. ಹೊಗೆ ಬೆಳಕಿಂಡಿಯಿಂದ ಹೊರಗೆ ಹೋಗುವುದಿರಲಿ, ಇಡೀ ಕೋಣೆಗೆ ಹರಡಿ ಎಲ್ಲರ ಮುಖಕ್ಕೂ ಬಂತು. ಅಷ್ಟರಲ್ಲಿ ಸಿಂದಗಿ ಕಡೆಯ ಒಂದು ಕುಟುಂಬ ಒಳಗೆ ಬಂದು, ಅಕ್ಕನನ್ನು ಪಾರ್ಕಿನವಳೇ ಎಂದು ತಿಳಿದು, ಸುತ್ತ ಕುಳಿತು ಫೋಟೊ ತೆಗೆಸಿಕೊಂಡಿತು. ಅಕ್ಕನಿಗೂ ಹುರುಪು ಬಂತು. ರೊಟ್ಟಿ ತಟ್ಟುತ್ತ ನಮ್ಮವ್ವ ಹೇಗೆ ಬೈಯುತ್ತಿದ್ದಳು, ಅಪ್ಪ ಬಾಗಿಲಲ್ಲಿ ಹೇಗೆ ಬಗ್ಗುತ್ತಿದ್ದ, ನಾನು ಯಾವ ವಯಸ್ಸಿನ ತನಕ ಹಾಸಿಗೆ ಒದ್ದೆ ಮಾಡುತ್ತಿದ್ದೆ, ಎಲ್ಲ ಹೇಳಿದಳು. ಹೊರಡುವಾಗ ಆ ಕುಟುಂಬದ ಯಜಮಾನರು ನನ್ನ ಕೈ ಹಿಡಿದು, "ನಿಮ್ಮ ಪಾರ್ಕಿನ್ಯಾಗ ಖರೇದಂದ್ರ ಈ ಅಮ್ಮಾರೊಬ್ರ ನೋಡ್ರಿ. ದಿನಾ ಕುಂಡ್ರಸ್ರಿ. ಖರೇ, ಆ ಒಲಿ ಸ್ವಲ್ಪ ಸರಸ್ರಿ" ಎಂದರು.

ಸಾವಕಾರರು ಕೇಳಿದ್ದ ತಾಂಬಾದ ಸಾಕ್ಷಿ ನನ್ನ ವಿರುದ್ಧವೇ ಹೇಳಿಯಾಗಿತ್ತು. ಇಮಾಮಸಾಬ ಒಲೆಯನ್ನು ಹಿತ್ತಲ ಬಾಗಿಲ ಹತ್ತಿರ ಇಟ್ಟ. ಅವನು ಒಡೆಯುವಾಗ ನಾನು ಮಕ್ಕಳ ರೈಲಿನ ಕಡೆ ಹೋಗಿ ನಿಂತಿದ್ದೆ. ಅವ್ವನನ್ನು ಎರಡನೇ ಸಲ ಕಳಿಸಿದ ಹಾಗಿತ್ತು, ಸುಳ್ಳು ಯಾಕೆ ಹೇಳಲಿ. ಅಕ್ಕ ಮಾತ್ರ ಖುಷಿಯಿಂದ ನಾಲತವಾಡಕ್ಕೆ ಹೋದಳು. ಹೋಗುವಾಗ ವರ್ಷದ ಮೆಂಬರ್ ಆಗಿಯೇ ಹೋದಳು. ಇನ್ನು ಮೇಲೆ ತವರಿಗೆ ಬಂದರೆ ಅಲ್ಲಿಗೇ ಬರುತ್ತಾಳಂತೆ.

ಆಮೇಲೆ ಒಂದು ವಿಚಿತ್ರವಾಯಿತು. ಕೆಲವು ದಿನ ನಾನು ಹಟ ಹಿಡಿದು, ಮನಸ್ಸಿನಲ್ಲಿ ಮಾತ್ರ ಒಲೆಯನ್ನು ಹಳೆಯ ಜಾಗದಲ್ಲೇ ಇಟ್ಟುಕೊಂಡಿದ್ದೆ. ಅಲ್ಲಿ ಯಾವ ಮೆಂಬರೂ ಬಂದು ಸಲಹೆ ಕೊಡುವಂತಿರಲಿಲ್ಲ. ಆದರೆ ಈಗ ಕಣ್ಣುಮುಚ್ಚಿದರೆ ಅವ್ವ ಬೆಳಕಿಂಡಿಯ ಕೆಳಗೆ ಸಿಗುವುದಿಲ್ಲ. ಯಾವಾಗ ಎದ್ದಳೋ ಗೊತ್ತಿಲ್ಲ, ಹಂಚು ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಹೋಗಿ ಕೂತಿದ್ದಾಳೆ. ಕಾಲಲ್ಲಿ ಹಗ್ಗವೂ ಇದೆ. ಮೊದಲಿಗಿಂತ ಮುಖ ಸ್ವಲ್ಪ ಸ್ಪಷ್ಟವಾಗಿದೆ ಎಂದು ಬೇರೆ ಅನ್ನಿಸುತ್ತದೆ.

ಮೊನ್ನೆ ಮಧ್ಯಾಹ್ನ ಗದ್ದಲ ಕಡಿಮೆ ಇತ್ತು. ನಾನು ಅಡುಗೆಮನೆಗೆ ಹೋಗಿ ಬೆಳಕಿಂಡಿಯ ಕೆಳಗೆ ನಿಂತೆ. ನನ್ನ ಬೋಳುತಲೆಯ ಮೇಲೆ ಬಿಸಿಲು ಬಿತ್ತು. ಇಲ್ಲಿ ಮಲಗಿದ್ದವನು ನಾನೇ, ಆಕೆ ನೋಡುತ್ತಿದ್ದದ್ದು ಈ ಕಡೆಗೇ ಎಂದು ನೆನೆಸಿಕೊಂಡು ಕಣ್ಣು ಮಂಜಾಗುತ್ತಿರುವಾಗ, ಬಾಗಿಲ ಕಡೆಯಿಂದ ಮೊಬೈಲು ಹಿಡಿದ ಒಬ್ಬ ಹೆಣ್ಣುಮಗಳು ಕೂಗಿದಳು: "ಅಜ್ಜಾರ, ಎಲ್ಲಾ ಭಾಳ ಚಲೋ ಐತ್ರಿ. ಖರೇ, ನೀವೊಬ್ರು ಸ್ವಲ್ಪ ಈ ಕಡಿ ಸರೀರಿ, ಫೋಟೋಕ್ಕ ಅಡ್ಡ ಬರಾಕತ್ತೀರಿ."

ಸರಿದೆ. ಸರಿದು ಹಿತ್ತಲ ಬಾಗಿಲ ಹತ್ತಿರ, ಒಲೆಯ ಪಕ್ಕದಲ್ಲಿ ಹೋಗಿ ಕೂತೆ. ಅಕ್ಕನಿಗೆ ಹೇಳಬೇಡಿ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.