ಅತ್ತೆಗೊಂದು ಕೆಂಪು ಕೋಣೆ

ಹಗಲೆಲ್ಲ ಅಂಗಡಿಯಲ್ಲಿ ಕೂತು ಊರವರ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಆ ಮಹಾಶಯನಿಗೆ ಸ್ವಂತ ಮನೆಯಲ್ಲಿ ಕಣ್ಣಿಗೆ ಒಂದೇ ಬಾಧೆ: ಅತ್ತೆ.

ಆಕೆ ನಿವೃತ್ತ ನರ್ಸ್. ಮಗಳ ಮನೆಗೆ ಬಂದರೆಂದರೆ ಮನೆ ಹೋಗಿ ವಾರ್ಡ್ ಆಗುತ್ತಿತ್ತು. ಹಾಸಿಗೆಯ ಮೂಲೆ ಸಡಿಲವಾಗಿದ್ದರೆ ಮಲಗಿದ್ದ ಅಳಿಯನನ್ನು ಎಬ್ಬಿಸಿಯಾದರೂ ಬಿಗಿ ಮಾಡುವರು. ಊಟಕ್ಕೆ ಕೂತು ‘ಸಾಕು’ ಎಂದರೆ ಕೈ ಹಿಡಿದು ನಾಡಿ ನೋಡುವರು. ಈ ಸಲ “ಸ್ವಲ್ಪ ದಿನ ಇದ್ದು ಹೋಗ್ತೀನಿ” ಎಂದು ಫೋನಿನಲ್ಲಿ ಹೇಳಿದ್ದರು. (ಆ ‘ಸ್ವಲ್ಪ’ಕ್ಕೆ ತಳವಿಲ್ಲವೆಂಬುದು ಅಳಿಯನ ಅನುಭವ.)

ಇಂಥ ಸಂಕಟಕಾಲದಲ್ಲಿ, ಗಿರಾಕಿಗಳಿಗೆಂದು ಇಟ್ಟಿದ್ದ ಹಳೆಯ ಮಾಸಪತ್ರಿಕೆಯೊಂದು ಅವನ ಜ್ಞಾನಚಕ್ಷು ತೆರೆಸಿತು. ತಿಳಿನೀಲಿ, ತಿಳಿಹಸಿರು ಗೋಡೆಗಳು ಮನಸ್ಸನ್ನು ತಣ್ಣಗಿಡುತ್ತವಂತೆ. ಗಾಢ ಕೆಂಪು ಕೆರಳಿಸುತ್ತದಂತೆ. ಅಂಥ ಕೋಣೆಯಲ್ಲಿ ಕೂತವರು ಬೇಗ ಎದ್ದು ಹೋಗುತ್ತಾರಂತೆ. ಕೊನೆಯ ವಾಕ್ಯವನ್ನು ಅವನು ಬಾಯಿ ಚಪ್ಪರಿಸಿಕೊಂಡು ಓದಿದ.

“ಅತ್ತೆ ಬರೋದ್ರೊಳಗೆ ಅವರ ಕೋಣೆಗೆ ಬಣ್ಣ ಹೊಡೆಸೋಣ ಕಣೇ.”

ಹೆಂಡತಿ ಕೈಲಿದ್ದ ಸೌಟನ್ನು ಕೆಳಗಿಟ್ಟಳು. “ಅಡುಗೆಮನೆ ಗೋಡೆ ಹೊಗೆ ಹಿಡಿದು ಕಪ್ಪಾಗಿರೋದು ಕಾಣ್ಲಿಲ್ಲ, ಅಮ್ಮನ ಕೋಣೆ ಕಾಣ್ತಾ ನಿಮಗೆ?”

“ಹಿರಿಯರಲ್ವೇನೇ! ಒಂದು ಮರ್ಯಾದೆ ಬೇಡ್ವಾ?”

“ಯಾವ ಬಣ್ಣ?”

“ಕೆಂಪು. ಉತ್ಸಾಹದ ಬಣ್ಣ!”

“ಮೈಗೆ ಹುಷಾರಿದೆ ತಾನೇ ರೀ?”

ಬಣ್ಣದವನು ಬಂದು, ಅಯ್ಯೋ ಇಷ್ಟು ಗಾಢವೇ ಎಂದು ಗೊಣಗುತ್ತಲೇ ಬಳಿದುಹೋದ. ಮಧ್ಯಾಹ್ನದ ಬಿಸಿಲಿಗೆ ಆ ಕೋಣೆ ಕುಲುಮೆಯಂತೆ ಧಗಧಗಿಸಿತು. ಅಳಿಯ ತಾನೇ ಕೂತು ಪರೀಕ್ಷಿಸಿದ. ಸ್ವಲ್ಪ ಹೊತ್ತಿಗೇ ತಲೆ ಬಿಸಿಯಾಗಿ ಎದ್ದು ಬಂದ. ಸಂತೋಷವೋ ಸಂತೋಷ.

ಅತ್ತೆ ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಕೈಚೀಲ ಕೆಳಗಿಡಲಿಲ್ಲ. ‘ಆಗಲೇ ಕೆಲಸ ಮಾಡ್ತಿದೆ!’ ಎಂದು ಹಿಂದೆ ನಿಂತ ಅಳಿಯ ಉಸಿರು ಬಿಗಿಹಿಡಿದ. ಆಕೆ ಮೆಲ್ಲನೆ ಹೋಗಿ ಗೋಡೆಗೆ ಅಂಗೈ ಇಟ್ಟರು. ತಿರುಗಿದಾಗ ಕೆನ್ನೆ ಒದ್ದೆಯಾಗಿತ್ತು.

“ವಾರ್ಡಿನ ಬಿಳಿ ಗೋಡೆ ನೋಡಿ ನೋಡಿ ಆಯಸ್ಸೇ ಕಳೀತು ಅಳಿಯಂದಿರೇ. ಅಲ್ಲಿ ತಿಳಿಹಸಿರು ಪರದೆ ಎಳೆದ್ರೆ ಯಾರೋ ಒಬ್ರು ಹೋದ್ರು ಅಂತಲೇ. ಈಗ ಮಗನ ಮನೇಲಿ ಹಳೇ ಪೆಟ್ಟಿಗೆಗಳ ಮಧ್ಯೆ ನನ್ನ ಮಂಚ. ನಂಗೋಸ್ಕರ ಅಂತ ಯಾರೂ ಒಂದು ಗೋಡೆಗೆ ಬಣ್ಣ ಹೊಡೆಸಿರ್ಲಿಲ್ಲ.”

ಅಳಿಯನ ಮುಖಕ್ಕೂ ಗೋಡೆಗೂ ವ್ಯತ್ಯಾಸ ಉಳಿಯಲಿಲ್ಲ. ಹೆಂಡತಿಯೋ, ಮದುವೆಯಾದಾಗಿನಿಂದ ನೋಡದಿದ್ದ ರೀತಿಯಲ್ಲಿ ಅವನನ್ನು ನೋಡಿದಳು. ಸಂಜೆ ಕೇಳದೆಯೇ ಕಾಫಿ ತಂದಿಟ್ಟಳು. ಅವನು ಲೋಟ ಪಕ್ಕಕ್ಕೆ ಸರಿಸಿದ.

“ನೋಡೇ, ನಿಜ ಹೇಳ್ಬೇಕು ಅಂದ್ರೆ ಆ ಬಣ್ಣ...”

“ಏನೂ ಹೇಳ್ಬೇಡಿ. ಮಾಡಿದ್ದನ್ನ ಹೇಳಿಕೊಳ್ಳೋರಲ್ಲ ನೀವು, ನಂಗೊತ್ತು” ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು.

ಆ ಕೋಣೆಯಿಂದ ದಿನವೂ ಸಣ್ಣಗೆ ಗುನುಗುವ ದನಿ ಕೇಳತೊಡಗಿತು. ಇಷ್ಟು ವರ್ಷ ಅತ್ತೆ ಹಾಡುತ್ತಾರೆಂಬುದೇ ಅವನಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಗೋಜಿಗೇ ಹೋಗಿರಲಿಲ್ಲ. ಬಾಗಿಲ ಮುಂದೆ ಹಾಯುವಾಗಲೆಲ್ಲ ಕಳ್ಳನಂತೆ ತಲೆ ತಗ್ಗಿಸಿ ದಾಟಿ, ತನ್ನ ಓದುವ ಕೋಣೆ ಸೇರುತ್ತಿದ್ದ. ಅಲ್ಲಿ ತಿಳಿನೀಲಿ ಗೋಡೆ. ಅವನ ಪಾಲಿಗೆ ಜಗತ್ತಿನಲ್ಲಿ ಉಳಿದಿದ್ದ ಒಂದೇ ತಂಪು ಜಾಗ.

ಒಂದು ಸಂಜೆ ಅಂಗಡಿ ಮುಚ್ಚಿ ಬಂದರೆ, ಬಣ್ಣದವನು ಹಿತ್ತಲ ನಲ್ಲಿಯಲ್ಲಿ ಕುಂಚ ತೊಳೆಯುತ್ತಿದ್ದಾನೆ. ಓಡಿಹೋಗಿ ನೋಡಿದ. ಓದುವ ಕೋಣೆ ನೆಲದಿಂದ ಸೂರಿನವರೆಗೆ ಕೆಂಡಾಮಂಡಲ! ನಡುವೆ ಅತ್ತೆ, ಮೊಣಕೈ ಕೆಂಪು, ನರೆಗೂದಲ ತುದಿ ಕೆಂಪು.

“ಮಿಕ್ಕಿದ್ದ ಬಣ್ಣ ಸಾಲ್ಲಿಲ್ಲ, ಇನ್ನೊಂದು ಡಬ್ಬ ತರಿಸ್ದೆ. ನಿಮ್ಮ ಕೋಣೆ ಥೇಟ್ ಆಸ್ಪತ್ರೆ ಥರ ಇತ್ತಲ್ಲ, ನಂಗೆ ಮಾಡಿಸಿ ನೀವು ಮಾತ್ರ ಇಲ್ಲಿ ಕೂರ್ತಿದ್ರಿ. ಕಿಟಕಿ ಅಂಚೆಲ್ಲ ನಾನೇ ಬಳಿದಿದ್ದು. ಕೈ ನಡುಗಿ ಸ್ವಲ್ಪ ಸೊಟ್ಟಗಾಗಿದೆ. ಪರವಾಗಿಲ್ವಾ?”

ಸೊಟ್ಟ ಗೆರೆಯೊಂದು ಕಿಟಕಿಯ ಸುತ್ತ ಹತ್ತಿ ಇಳಿದಿತ್ತು. ಅದನ್ನು ನೋಡುತ್ತ ನಿಂತವನ ಕಣ್ಣು ತುಂಬಿ ಬಂತು.

“ತುಂಬಾ ಚೆನ್ನಾಗಿದೆ ಅತ್ತೆ.”

“ಅಯ್ಯೋ, ಅಳ್ತಿದ್ದಾರಲ್ಲೇ!” ಎಂದು ಅತ್ತೆ ಮಗಳನ್ನು ಕೂಗಿದರು.

“ಅಳೂನೂ ಇಲ್ಲ ಏನೂ ಇಲ್ಲ, ಹೊಸ ಬಣ್ಣದ ಘಾಟಮ್ಮ” ಎಂದು ಹೆಂಡತಿ ಬಂದು ಕಿಟಕಿ ತೆರೆದಳು. “ಅಲ್ವೇನ್ರೀ?”

ತಪ್ಪೊಪ್ಪಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲವೆಂದು ಅವನಿಗೆ ಅನ್ನಿಸಿತು. ಬಾಯಿ ತೆರೆದ. ಅತ್ತೆ ನಗುತ್ತಿದ್ದರು.

“ಹೌದು” ಎಂದ. “ಘಾಟೇ.”